ಎರಡನೇ ತೊಳೆತ

ಮಕ್ಕಳಿಗೆ ಮನೆಗೆಲಸ ಕೊಡಬೇಕು, ಇಲ್ಲದಿದ್ದರೆ ನಾಳೆ ಯಾವುದಕ್ಕೂ ಬಾರದವರಾಗುತ್ತಾರೆ ಎಂದು ಬೆರಳಮ್ಮ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಲಿಫ್ಟಿನಲ್ಲಿ ಸಿಕ್ಕವರಿಗೆ ಹೇಳಿದಳು, ತರಕಾರಿ ಅಂಗಡಿಯಲ್ಲಿ ಹೇಳಿದಳು, ಶಾಲೆಯ ಪೋಷಕರ ಸಭೆಯಲ್ಲಂತೂ ಎದ್ದು ನಿಂತು ಹೇಳಿ ಚಪ್ಪಾಳೆ ಗಿಟ್ಟಿಸಿಕೊಂಡಳು.

"ನನ್ನ ಇಬ್ಬರು ಹೆಣ್ಣುಮಕ್ಕಳೂ ಪಾತ್ರೆ ತೊಳೀತಾರೆ, ನೆಲ ಒರೆಸ್ತಾರೆ. ನಾನು ಕೈ ಕೂಡ ಹಾಕಲ್ಲ" ಎಂದಳು. ಹಿಂದಿನ ಸಾಲಿನಲ್ಲಿ ಕೂತಿದ್ದ ಗಂಡ ಕೆಮ್ಮಿದ. ಪಾಪ, ಅವನಿಗೆ ನಿಜವಾಗಿಯೇ ಕೆಮ್ಮಿತ್ತೋ ಏನೋ.

ಬೆರಳಮ್ಮ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ದೊಡ್ಡ ಹೋಟೆಲೊಂದರಲ್ಲಿ ಅವಳು ಕೋಣೆ ಶುಚಿ ಮಾಡುವವರ ಮೇಲ್ವಿಚಾರಕಿ. ಕೋಣೆಗೆ ಕಾಲಿಟ್ಟವಳೇ ಬಲಗೈಯ ತೋರುಬೆರಳನ್ನು ಕನ್ನಡಿಯ ಮೇಲಂಚಿಗೆ, ನಲ್ಲಿಯ ಹಿಂದಕ್ಕೆ, ಬಾಗಿಲ ಚೌಕಟ್ಟಿನ ನೆತ್ತಿಗೆ ಎಳೆದು, ಎತ್ತಿ ಹಿಡಿಯುತ್ತಿದ್ದಳು. ಬಾಯಿಬಿಟ್ಟು ಒಂದು ಮಾತೂ ಆಡುತ್ತಿರಲಿಲ್ಲ. ಆ ಬೆರಳು ಕಂಡರೆ ಸಾಕು, ಕೆಲಸದವರ ಜೀವ ಬಾಯಿಗೆ ಬರುತ್ತಿತ್ತು.

ಮನೆಯಲ್ಲಿ ಆ ಬೆರಳು ಕದ್ದುಮುಚ್ಚಿ ಕೆಲಸ ಮಾಡುತ್ತಿತ್ತು. ಮಕ್ಕಳ ಮನಸ್ಸು ನೋಯಬಾರದಲ್ಲ! ಸಂಜೆ ದೊಡ್ಡವಳು ನೆಲ ಒರೆಸುತ್ತಿದ್ದಳು, ಚಿಕ್ಕವಳು ಸ್ಟೂಲು ಹತ್ತಿ ಸಿಂಕಿನಲ್ಲಿ ಪಾತ್ರೆ ತೊಳೆಯುತ್ತಿದ್ದಳು. "ಭೇಷ್, ನನ್ನ ಬಂಗಾರಗಳು!" ಎಂದು ಬೆನ್ನು ತಟ್ಟಿ ಇಬ್ಬರನ್ನೂ ಆಡಲು ಕೆಳಗೆ ಕಳಿಸಿ, ಬಾಗಿಲು ಹಾಕಿಕೊಂಡವಳೇ ತೋಳು ಮಡಚುತ್ತಿದ್ದಳು. ತೊಳೆದಿಟ್ಟ ಪಾತ್ರೆಯೆಲ್ಲ ಮತ್ತೆ ಸಿಂಕಿಗೆ ಇಳಿಯುತ್ತಿತ್ತು. ಒರೆಸಿದ ನೆಲಕ್ಕೆ ಮತ್ತೆ ಒದ್ದೆ ಬಟ್ಟೆ ಬೀಳುತ್ತಿತ್ತು. ಮೊದಲು ಒಂದು ಸಲ ಆಗುತ್ತಿದ್ದ ಕೆಲಸ ಈಗ ಎರಡು ಸಲ ಆಗುತ್ತಿತ್ತು ಎಂಬುದು ನಿಜ. ಆದರೆ ಜವಾಬ್ದಾರಿ ಕಲಿಸುವುದೆಂದರೆ ಸುಮ್ಮನೆಯೇ?

"ಅವರು ತೊಳೆದದ್ದನ್ನೇ ಮತ್ತೆ ಯಾಕೆ ತೊಳೀತೀಯ?" ಎಂದು ಗಂಡ ಒಮ್ಮೆ ಕೇಳಿದ್ದ.

"ನಿಮಗೆ ಕಣ್ಣಿಲ್ವಾ?" ಎಂದಳು. ಅವನಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಬಂದವರಿಗೆಲ್ಲ ಕಣ್ಣು ಸರಿಮಾಡಿ ಕಳಿಸುವ ಆ ಮಹಾನುಭಾವನಿಗೆ ಸ್ವಂತ ಮನೆಯ ಧೂಳು, ಮುಸುರೆ ಯಾವುದೂ ಕಾಣುತ್ತಿರಲಿಲ್ಲ. ಅವನಿಗೆ ಯಾರೂ ಕೆಲಸ ಕೊಟ್ಟಿರಲಿಲ್ಲ, ಅವನೂ ಕೇಳಿರಲಿಲ್ಲ.

ದೊಡ್ಡವಳು ಒರೆಸಿ ಮುಗಿಸಿದ್ದ ಬೀರುವಿನ ನೆತ್ತಿಯನ್ನು ಇನ್ನೊಂದು ಸಲ ಒರೆಸಲು ಹೋಗಿ ಬೆರಳಮ್ಮ ಕುರ್ಚಿಯಿಂದ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ಡಾಕ್ಟರು ಬೆರಳ ತುದಿಯವರೆಗೂ ಪ್ಲಾಸ್ಟರ್ ಸುತ್ತಿದರು. ಹೋಟೆಲೆಲ್ಲ ನಡುಗಿಸಿದ ಬೆರಳು ಒಳಗೆ ಕತ್ತಲಲ್ಲಿ ಕೂತುಬಿಟ್ಟಿತು.

"ಅಕ್ಕಂಗೆ ಫೋನ್ ಮಾಡ್ತೀನಿ, ನಿನ್ನ ಕೈ ನೆಟ್ಟಗಾಗೋ ತನಕ ಬಂದಿರ್ತಾಳೆ" ಎಂದ ಗಂಡ.

ಮುರಿದ ಕೈಯ ನೋವು ಬೆರಳಮ್ಮನಿಗೆ ಅರೆಗಳಿಗೆ ಮರೆತೇ ಹೋಯಿತು. ಹಿಂದೊಮ್ಮೆ ಗಂಡನ ಅಕ್ಕ, ಅಂದರೆ ಈ ಅತ್ತಿಗೆ, ಬಂದಿದ್ದಾಗ ಅಡುಗೆಮನೆಯ ಡಬ್ಬಗಳನ್ನೆಲ್ಲ ಅದಲುಬದಲು ಮಾಡಿದ್ದಲ್ಲದೆ, "ನನ್ನ ತಮ್ಮ ಪಾಪ, ಹೇಗೋ ಇದಾನೆ" ಎಂದು ನೆಂಟರಿಷ್ಟರಿಗೆಲ್ಲ ಟಾಂಟಾಂ ಹೊಡೆದಿದ್ದಳು. ಅವಳು ಮತ್ತೆ ಬಂದು ಕೂತರೆ ಸಭೆಯಲ್ಲಿ ಗಿಟ್ಟಿಸಿದ ಚಪ್ಪಾಳೆಯೆಲ್ಲ ನೀರುಪಾಲು.

"ಬೇಡವೇ ಬೇಡ. ಮಕ್ಕಳು ನೋಡ್ಕೋತಾರೆ" ಎಂದಳು.

ಅತ್ತಿಗೆ ಫೋನಿನಲ್ಲಿ ನಕ್ಕಳು. "ಭಾನುವಾರ ಬಂದು ನೋಡ್ತೀನಿ. ಮನೆ ಮನೆ ಥರ ಇದ್ರೆ ಟೀ ಕುಡಿದು ಹೊರಟೆ. ಇಲ್ಲಾಂದ್ರೆ ಉಳ್ಕೊಳ್ಳೋಕೆ ಪೆಟ್ಟಿಗೆ ಕಾರಲ್ಲೇ ಇರುತ್ತೆ."

ಬೆರಳಮ್ಮ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ಚಿಕ್ಕವಳು ತಟ್ಟೆಯನ್ನು ನಲ್ಲಿಯ ಕೆಳಗೆ ಹಿಡಿದಂತೆ ಮಾಡಿ, ತೆಗೆದು, ಒಂದರ ಮೇಲೊಂದು ಜೋಡಿಸಿದಳು.

"ಇದೇನೇ, ಜಿಡ್ಡು ಹಾಗೇ ಇದೆಯಲ್ಲ!"

"ಇದು ಮೊದಲನೇ ತೊಳೆತ ಅಮ್ಮ. ಎರಡನೇದು ನಿಂದಲ್ವಾ?"

ಬೆರಳಮ್ಮ ಕುರ್ಚಿಯಿಂದ ಅರ್ಧ ಎದ್ದಳು. "ಯಾರು ಹೇಳಿದ್ದು ನಿಂಗೆ?"

ದೊಡ್ಡವಳು ಒರೆಸುವ ಬಟ್ಟೆ ಹಿಂಡುತ್ತ ಹೇಳಿದಳು. "ಆಡೋ ಜಾಗದಿಂದ ನಮ್ಮನೆ ಕಿಟಕಿ ಕಾಣುತ್ತಮ್ಮ. ನೀನು ತೊಳೆದು ಮುಗಿಸೋ ತನಕ ನಾವು ಮೇಲೆ ಬರಲ್ಲ."

"ಯಾಕೆ?"

"ಸಿಕ್ಕಿಹಾಕ್ಕೊಂಡ್ರೆ ನಿಂಗೆ ಬೇಜಾರಾಗುತ್ತಲ್ಲ, ಅದಕ್ಕೆ."

"ಮೊದಲು ನಾನು ಚೆನ್ನಾಗೇ ತೊಳೀತಿದ್ದೆ" ಎಂದಳು ಚಿಕ್ಕವಳು. "ಆದ್ರೂ ನೀನು ತೊಳೀತಿದ್ದೆ. ಆಮೇಲೆ ನಾನು ಬಿಟ್ಬಿಟ್ಟೆ."

ಬೆರಳಮ್ಮನಿಗೆ ನಾಚಿಕೆಯಾಯಿತು. ಮಕ್ಕಳ ಮನಸ್ಸು ನೋಯಬಾರದೆಂದು ತಾನು ಬಾಗಿಲು ಹಾಕಿಕೊಂಡರೆ, ತನ್ನ ಮನಸ್ಸು ನೋಯಬಾರದೆಂದು ಆ ಪುಟಾಣಿಗಳು ಕೆಳಗೆ ಕಾಯುತ್ತಿದ್ದವು. "ಇನ್ಮೇಲೆ ಎರಡನೇ ತೊಳೆತ ಇಲ್ಲ. ನೀನು ತೊಳೆದದ್ದೇ ಕೊನೆ" ಎಂದಳು. ಚಿಕ್ಕವಳು ತಾನು ಜೋಡಿಸಿದ್ದ ತಟ್ಟೆಗಳನ್ನು ಯಾರೂ ಹೇಳದೆ ತಾನೇ ಮತ್ತೆ ಸಿಂಕಿಗೆ ಇಳಿಸಿದಳು.

ಭಾನುವಾರ ಅತ್ತಿಗೆ ಬಂದಳು. ಸೋಫಾದ ಮೇಲೆ ಮೊದಲು ಕರವಸ್ತ್ರ ಹಾಸಿ, ಆಮೇಲೆ ಕೂತಳು. ದೊಡ್ಡವಳು ಟೀ ಮಾಡಿದಳು. ಚಿಕ್ಕವಳು ತಾನು ತೊಳೆದ ಕಪ್ಪುಗಳನ್ನು ತಟ್ಟೆಯಲ್ಲಿಟ್ಟು, ಚೆಲ್ಲದಂತೆ ನಾಲಗೆ ಕಚ್ಚಿಕೊಂಡು ತಂದಳು.

ಅತ್ತಿಗೆಯ ಕಪ್ಪಿನ ಅಂಚಿನಲ್ಲಿ ಹಳೆಯ ಟೀಯ ಕಂದು ಗೆರೆಯೊಂದು ಉಳಿದಿತ್ತು. ಬೆರಳಮ್ಮನಿಗೆ ಅದು ದೂರದಿಂದಲೇ ಕಂಡಿತು. ಪ್ಲಾಸ್ಟರಿನೊಳಗೆ ಬೆರಳು ಚಡಪಡಿಸಿತು. ದೊಡ್ಡವಳಿಗೂ ಕಂಡಿತ್ತು; ಥೇಟ್ ಅಮ್ಮನ ಹಾಗೆ ತುಟಿ ಬಿಗಿದು, ಸದ್ದಿಲ್ಲದೆ ಕಪ್ಪನ್ನು ಒಳಗೆ ಒಯ್ಯಲು ಕೈ ಚಾಚಿದಳು.

"ಬಿಡು, ಅಲ್ಲೇ ಇರಲಿ" ಎಂದಳು ಬೆರಳಮ್ಮ.

ಅತ್ತಿಗೆ ಕಪ್ಪನ್ನು ಎತ್ತಿ ಬೆಳಕಿಗೆ ಹಿಡಿದಳು. "ಯಾರಮ್ಮ ಇದನ್ನ ತೊಳೆದಿದ್ದು?"

ಚಿಕ್ಕವಳ ಮುಖ ಬಾಡಿತು. ಬೆರಳಮ್ಮ ಎದ್ದು ಬಂದು, ಎಡಗೈಯಲ್ಲಿ ಆ ಕಪ್ಪನ್ನು ಇಸಿದುಕೊಂಡು, ನಿಂತೇ ಟೀ ಕುಡಿದಳು. ಸೋಪಿನ ರುಚಿ ಸ್ವಲ್ಪ ಇತ್ತು.

"ನನ್ನ ಮಗಳು ತೊಳೆದಿದ್ದು ಅತ್ತಿಗೆ. ಬೇರೆ ಯಾರೂ ಕೈ ಹಾಕಿಲ್ಲ."

"ಸರಿ ಹೋಯ್ತು" ಎಂದ ಅತ್ತಿಗೆ ತಮ್ಮನ ಕಡೆ ತಿರುಗಿದಳು. "ಹೋಗಪ್ಪ, ಪೆಟ್ಟಿಗೆ ತಗೊಂಡು ಬಾ."

ಅವನು ಪೆಟ್ಟಿಗೆ ಹೊತ್ತು ಏದುಸಿರು ಬಿಡುತ್ತ ಮೇಲೆ ಬರುವಷ್ಟರಲ್ಲಿ ಅತ್ತಿಗೆ ಸಿಂಕಿನ ಮುಂದೆ ನಿಂತು, ತೊಳೆದಿಟ್ಟ ಪಾತ್ರೆಗಳನ್ನೆಲ್ಲ ಮತ್ತೆ ಸಿಂಕಿಗೆ ಇಳಿಸುತ್ತಿದ್ದಳು. ಚಿಕ್ಕವಳು ಅಮ್ಮನ ಮುಖ ನೋಡಿದಳು. ಬೆರಳಮ್ಮ ಹೋಗಿ ನಲ್ಲಿ ನಿಲ್ಲಿಸಿದಳು.

"ಈ ಮನೇಲಿ ಪಾತ್ರೆ ಒಂದೇ ಸಲ ತೊಳೆಯೋದು ಅತ್ತಿಗೆ. ಕಲಿಸಲೇಬೇಕು ಅಂತಿದ್ರೆ ಇಗೋ, ನಿಮ್ಮ ತಮ್ಮ ಇದಾರೆ. ಅವರಿಗೆ ಕಲಿಸಿ."

"ಅವನಿಗಾ?" ಅತ್ತಿಗೆ ಗಾಬರಿಯಾದಳು. "ಪಾಪ, ಅವನಿಗೆ ಏನೂ ಬರಲ್ಲ. ಚಿಕ್ಕವನಿದ್ದಾಗ ಒಂದೆರಡು ಸಲ ತೊಳೆದಿದ್ದ. ಅವನು ತೊಳೆದಿದ್ದನ್ನೆಲ್ಲ ನಾನೇ ಮತ್ತೆ ತೊಳೀತಿದ್ದೆ. ಆಮೇಲೆ ಬಿಟ್ಬಿಟ್ಟ."

ಬೆರಳಮ್ಮ ಗಂಡನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ಅವನು ಪೆಟ್ಟಿಗೆಯನ್ನು ಎಲ್ಲಿ ಇಡುವುದೆಂದು ತಿಳಿಯದೆ ಇನ್ನೂ ಹಿಡಿದುಕೊಂಡೇ ನಿಂತಿದ್ದ.

ಚಿಕ್ಕವಳು ಪಾತ್ರೆ ಉಜ್ಜುವ ನಾರನ್ನು ಅವನ ಕಡೆ ಚಾಚಿದಳು.

"ಬಾ ಅಪ್ಪ" ಎಂದಳು. "ನೀನು ತೊಳಿ. ಹೇಗೆ ತೊಳೆದ್ರೂ ಯಾರೂ ಮತ್ತೆ ತೊಳೆಯಲ್ಲ."