ಹಿಂದಿನ ಕೋಣೆಗೆ ಹೋದ ಕಾಗದಗಳು

"ಮೂರೇ ಮಾತು ಚಿಕ್ಕಮ್ಮ, ನಾಲ್ಕನೇದು ಬೇಡ," ಎಂದು ಮಿಲೆನಾ ಮತ್ತೊಮ್ಮೆ ಹೇಳುವಷ್ಟರಲ್ಲಿ ಟೀವಿ ಸ್ಟುಡಿಯೋದವರು ರಾದ್ಕಾಳ ಕೆನ್ನೆಗೆ ಪೌಡರು ಬಳಿದು ಮುಗಿಸಿದ್ದರು. ಮಿಲೆನಾ ವಕೀಲೆ. ಜನ ಮೊಬೈಲಿನಲ್ಲಿ ಕಳಿಸುವ ಪ್ರತಿ ಸಂದೇಶವನ್ನೂ ತಲುಪುವ ಮೊದಲೇ ಯಂತ್ರವೊಂದು ಓದಿ ನೋಡಬೇಕೆನ್ನುವ ಮಸೂದೆಯ ವಿರುದ್ಧ ಆರು ತಿಂಗಳಿಂದ ಊರೂರು ತಿರುಗುತ್ತಿದ್ದಳು. ತನ್ನ ಮಾತಿಗೆ ಯಾರೂ ಕಿವಿಗೊಡುವುದಿಲ್ಲ, ಡ್ಯಾನ್ಯೂಬ್ ನದಿ ದಂಡೆಯ ಬೀದಿಗಳಲ್ಲಿ ಮೂವತ್ತೊಂದು ವರ್ಷ ಟಪಾಲು ಹಂಚಿದ ರಾದ್ಕಾಳಂಥ ಹೆಂಗಸು ಹೇಳಿದರೆ ಕೇಳುತ್ತಾರೆ ಎಂದು ಅವಳ ನಂಬಿಕೆ. ಸಿಟ್ಟಾಗಬಾರದು, ಕೆಣಕಿದರೆ ನಕ್ಕು ಮೊದಲ ಮಾತಿಗೇ ಮರಳಬೇಕು ಎಂದು ಕಲಿಸಿದ್ದಳು.

ಮೊದಲ ಮಾತು, ನಾನು ಯಾರ ಕಾಗದವನ್ನೂ ಒಡೆಯಲಿಲ್ಲ ಎಂಬುದು. ಅದು ಸುಳ್ಳಲ್ಲ. ಆದರೂ ಬಾಯಿಪಾಠ ಮಾಡುವಾಗಲೆಲ್ಲ ರಾದ್ಕಾ ಅಲ್ಲಿಗೇ ತಡೆದು ನಿಲ್ಲುತ್ತಿದ್ದಳು.

ಸಂದರ್ಶಕ ಡೆಲ್ಯಾನ್ ಎರಡು ಪ್ರಶ್ನೆ ಮೆತ್ತಗೆ ಕೇಳಿದ. ಆಮೇಲೆ ಮೇಜಿನ ಮೇಲೆ ಬಾಗಿದ. "ಮಕ್ಕಳನ್ನ ಹಾಳುಮಾಡೋರನ್ನ ಹಿಡಿಯೋ ಕಾನೂನು ಇದು. ಅವರ ಪರ ಮಾತಾಡೋಕೆ ಬಂದಿದೀರಾ, ಮೇಡಂ? ಬಚ್ಚಿಡೋಕೆ ಏನೂ ಇಲ್ದೋರಿಗೆ ಭಯ ಯಾಕೆ?"

ಗಾಜಿನಾಚೆ ಮಿಲೆನಾ, ಮೊದಲ ಮಾತು ಎಂಬಂತೆ ಒಂದು ಬೆರಳೆತ್ತಿ ನಗುತ್ತ ನಿಂತಿದ್ದಳು. ರಾದ್ಕಾ ನಗಲಿಲ್ಲ.

"ನಂಗೆ ಬಚ್ಚಿಡೋಕೆ ಇದೆಯಪ್ಪ. ಎಂಬತ್ನಾಲ್ಕರಲ್ಲಿ, ಕಮ್ಯುನಿಸ್ಟರ ಕಾಲದಲ್ಲಿ, ನಮ್ಮ ಅಂಚೆ ಆಫೀಸಿನ ಹಿಂದಿನ ಕೋಣೇಲಿ ಗುಪ್ತಚರದವನೊಬ್ಬ ಕೂರ್ತಿದ್ದ. ಪರದೇಶದ ಕಾಗದ ಎಲ್ಲಾ ಮೊದಲು ಅವನ ಮೇಜಿಗೆ. ನಾನು ಒಡೀಲಿಲ್ಲ. ಎತ್ಕೊಂಡು ಹೋಗಿ ಕೊಡ್ತಿದ್ದೆ. ಅವನು ಒಡೆದು ಓದಿ ಮತ್ತೆ ಅಂಟಿಸಿ ಕೊಟ್ಟಿದ್ದನ್ನ ಮನೆಮನೆಗೆ ಹಂಚಿ, ನಕ್ಕೊಂಡು ಬರ್ತಿದ್ದೆ."

ಡೆಲ್ಯಾನ್ ಕೈಯಲ್ಲಿದ್ದ ಹಾಳೆ ನೋಡಿದ. ಅದರಲ್ಲಿ ಇದಕ್ಕೆ ಪ್ರಶ್ನೆ ಇರಲಿಲ್ಲ. ಆ ಕಾಲ ಬೇರೆ, ಈಗ ಓದುವುದು ಯಂತ್ರ ಎಂದ.

"ದೇಶದ್ರೋಹಿಗಳನ್ನ ಹಿಡಿಯೋಕಷ್ಟೇ, ನಿಮ್ಮಂಥೋರಿಗೇನು ಭಯ ಅಂತ ಅವನೂ ಅಂತಿದ್ದ. ಮಕ್ಕಳ ಮೈ ಮುಟ್ಟಿದವನನ್ನ ಹಿಡೀರಿ. ಜಡ್ಜ್ ಸಹಿ ಹಾಕಿಸ್ಕೊಂಡು ಅವನ ಬಾಗಿಲು ಮುರೀರಿ. ಊರಿನ ಬಾಗಿಲೆಲ್ಲ ಯಾಕೆ? ಆ ಕೋಣೆಗೆ ಒಂದು ಸಲ ಕಾಗದ ಹೊತ್ತಿದೀನಿ. ಇನ್ನೊಂದು ಸಲ ಹೊರೋಲ್ಲ."

ಜಾಹೀರಾತು ಎರಡು ನಿಮಿಷ ಮೊದಲೇ ಬಂತು.

ಹೊರಗೆ ಮಿಲೆನಾಳ ಮುಖ ಬಿಳುಚಿಕೊಂಡಿತ್ತು. ನಾಳೆ ಪತ್ರಿಕೆಯವರು ನಿಮ್ಮನ್ನು ಗೂಢಚಾರಿಣಿ ಎಂದು ಬರೆಯುತ್ತಾರೆ ಎಂದಳು.

"ಬರೀಲಿ," ಎಂದಳು ರಾದ್ಕಾ. "ಅದೊಂದನ್ನ ನುಂಗ್ಕೊಂಡು ಉಳಿದಿದ್ದು ಹೇಳಿದ್ರೆ ನನ್ನ ಮಾತು ನಾನೇ ನಂಬಲ್ಲ."

ಬರೆದರು. ಅವಳ ಮನೆಯ ಬಾಗಿಲ ಮೇಲೂ ಯಾರೋ ಕಪ್ಪು ಬಣ್ಣದಲ್ಲಿ ಅದೇ ಪದ ಗೀಚಿದರು. ಅದನ್ನು ಅಳಿಸದೆ ಹಾಗೇ ಬಿಟ್ಟಳು. ಅದೇ ವಾರ ಊರಿನ ಸಂಸದ, ಮಸೂದೆಗೆ ಮತ ಹಾಕುವ ಮುಂಚೆ ಇನ್ನೊಮ್ಮೆ ಯೋಚಿಸಬೇಕಾಗಿದೆ ಎಂದ. ರಾಜಧಾನಿ ಸೋಫಿಯಾದ ದೊಡ್ಡ ಚಾನೆಲ್ಲೊಂದು ಕರೆಯಿತು. ಬರುತ್ತೇನೆ, ಆದರೆ ಯಾರೂ ಮಾತು ಕಲಿಸಬಾರದು ಎಂದಳು.

ಹೊರಟ ಬೆಳಿಗ್ಗೆ, ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದಾಗ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಎದುರು ಬಂದು ನಿಂತಳು. ನಮಸ್ಕಾರವೂ ಇಲ್ಲ.

"ನಮ್ಮಪ್ಪ ಆಗ ವಿಯೆನ್ನಾದಿಂದ ಕಾಗದ ಬರೀತಿದ್ರು. ಅಮ್ಮನ್ನ ಶಾಲೆ ಕೆಲಸದಿಂದ ತೆಗೆದ್ರು. ಯಾಕೆ ಅಂತ ಸಾಯೋವರೆಗೂ ಅವಳಿಗೆ ಗೊತ್ತಾಗ್ಲಿಲ್ಲ."

ರಾದ್ಕಾ ಯಾವ ಬೀದಿ ಎಂದು ಕೇಳಿದಳು. ಆಕೆ ಹೇಳಿದಳು.

"ಮೂರನೇ ಮಹಡಿ. ನೀಲಿ ಬಾಗಿಲು," ಎಂದಳು ರಾದ್ಕಾ. "ಹೌದಮ್ಮ. ಆ ಕಾಗದ ಹೊತ್ತವಳು ನಾನೇ."

ಪಕ್ಕದಲ್ಲಿದ್ದ ತನ್ನ ಕೈಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಹೆಂಗಸು ಬಹಳ ಹೊತ್ತು ನಿಂತೇ ಇದ್ದು, ಕೊನೆಗೆ ಆ ತೆರವಾದ ಜಾಗದಲ್ಲಿ ಕೂತಳು. ಸೋಫಿಯಾದ ಬಸ್ಸು ಬಂತು. ಬಾಗಿಲು ತೆರೆದು, ಸ್ವಲ್ಪ ಹೊತ್ತು ಕಾದು, ಇಬ್ಬರನ್ನೂ ಬೆಂಚಿನ ಮೇಲೇ ಬಿಟ್ಟು ಹೋಯಿತು.