ಸೋಮವಾರ ಕಟ್ಟಿದ ಗಾಡಿ

ಮೊಣಕಾಲಿನ ಆಪರೇಷನ್ ಆದ ಮೇಲೆ ಎರಡು ತಿಂಗಳು ಹೊಲದ ಕಡೆ ತಲೆ ಹಾಕಬಾರದು ಎಂದು ಡಾಕ್ಟರು ಹೇಳಿದ್ದರು. ಗುರುಸ್ವಾಮಿ ಜಗಲಿಯ ಮೇಲೆ ಕೂತು ಎಲ್ಲರನ್ನೂ ಬೈಯತೊಡಗಿದ. ಬೈಗುಳ ತಾಳಲಾರದೆ ಮಗ ದಯಾನಂದ್ ಅಪ್ಪನ ಫೋನಿಗೆ ಒಂದು ಆಟ ಹಾಕಿಕೊಟ್ಟ. ಕಾರ್ಖಾನೆ ಕಟ್ಟುವ ಆಟ. ಎತ್ತಿನ ಗಾಡಿಯಲ್ಲಿ ಗಣಿಯಿಂದ ಅದಿರು ತರಿಸಬೇಕು, ಕುಲುಮೆಯಲ್ಲಿ ಕಬ್ಬಿಣ ಮಾಡಬೇಕು, ಅದನ್ನು ಜೊತೆಗಾರರ ಊರಿಗೆ ಕಳಿಸಬೇಕು. ಅಲ್ಲಿ ಅದು ರೈಲಿನ ಚಕ್ರವಾಗಿ ಸ್ಟೇಷನ್ನಿಗೆ ಹೋಗುತ್ತದೆ. ಜೊತೆಗಾರರ ಜಾಗದಲ್ಲಿ ದಯಾನಂದ್ ತನ್ನ ಅಕ್ಕ ಶಾಂಭವಿಯನ್ನು ಸೇರಿಸಿದ್ದ. ಅಪ್ಪನನ್ನು ಕೇಳಲಿಲ್ಲ.

ಶಾಂಭವಿ ಬೇರೆ ಜಾತಿಯ ಮನೋಹರನನ್ನು ಮದುವೆಯಾಗಿ, ತಮಿಳು ಸೀಮೆಗೆ ಸೇರಿದ ತಿಗನಾರೆಗೆ ಹೋಗಿ ಮೂರು ವರ್ಷವಾಗಿತ್ತು. ಅಂದಿನಿಂದ ಗುರುಸ್ವಾಮಿ ಮಗಳ ಜೊತೆ ಒಂದು ಮಾತೂ ಆಡಿರಲಿಲ್ಲ. ಫೋನಿನಲ್ಲಿ ಅವಳ ಹೆಸರು ಕಂಡಾಗ ಬೈಯಲೂ ಇಲ್ಲ, ತೆಗೆ ಎನ್ನಲೂ ಇಲ್ಲ. ಕನ್ನಡಕ ಒರೆಸಿಕೊಂಡು ಮೊದಲ ಗಾಡಿ ಕಬ್ಬಿಣ ಕಳಿಸಿದ. ಅರ್ಧ ಗಂಟೆಯಲ್ಲಿ ಆ ಕಡೆಯಿಂದ ಒಂದು ಚಕ್ರ ಸ್ಟೇಷನ್ನಿಗೆ ಬಂತು.

ಹೀಗೆ ಎಂಟು ತಿಂಗಳು. ಕಾಲು ವಾಸಿಯಾಯಿತು, ಆಟ ನಿಲ್ಲಲಿಲ್ಲ. ಆ ಆಟದಲ್ಲಿ ಕಾಯುವುದೇ ದೊಡ್ಡ ಕೆಲಸ, ಅದು ಗುರುಸ್ವಾಮಿಗೆ ಬೇಗ ಕೈಗೆ ಹತ್ತಿತು. ಹತ್ತು ನಿಮಿಷದ ಕೆಲಸವನ್ನು ಹಾಲು ಕರೆಯುವಾಗ ಹಚ್ಚಬೇಕು. ಎರಡು ಗಂಟೆಯದನ್ನು ಹೊಲಕ್ಕೆ ಹೊರಡುವಾಗ, ಎಂಟು ಗಂಟೆಯದನ್ನು ಮಲಗುವ ಮುಂಚೆ. ಗೋದಾಮು ತುಂಬಲು ಬಿಡಬಾರದು, ತುಂಬಿದರೆ ಎಲ್ಲ ನಿಂತುಹೋಗುತ್ತದೆ. ಶಾಂಭವಿಯ ಹೆಸರಿನ ಪಕ್ಕದಲ್ಲಿ ಹಸಿರು ಚುಕ್ಕೆ ಕಂಡರೆ ಅವಳು ಆಟ ತೆರೆದಿದ್ದಾಳೆಂದು ಅರ್ಥ. ಆಗ ಅವನು ಮಾಡಲು ಏನೂ ಇಲ್ಲದಿದ್ದರೂ ಫೋನು ಕೆಳಗಿಡುತ್ತಿರಲಿಲ್ಲ.

ಸೋಮವಾರ ಮಾತ್ರ ಗಾಡಿಗಳಿಗೆ ರಜೆ. ಬಸವನ ದಿನ ಆ ಮನೆಯಲ್ಲಿ ಎತ್ತಿನ ಹೆಗಲಿಗೆ ನೊಗ ಇಟ್ಟವರಿಲ್ಲ. ಎತ್ತು ಮಾರಿ ಎಷ್ಟೋ ವರ್ಷವಾದರೂ ಸೋಮವಾರ ಬಾಡಿಗೆ ಟ್ರ್ಯಾಕ್ಟರನ್ನೂ ಕರೆಸುವುದಿಲ್ಲ.

"ಅಪ್ಪೋ, ಅವು ಬೊಂಬೆ ಎತ್ತು ಕಣಪ್ಪೋ. ಮೇವೂ ಬ್ಯಾಡ, ನೀರೂ ಬ್ಯಾಡ," ಎಂದು ದಯಾನಂದ್ ನಗುತ್ತಿದ್ದ.

"ಬೊಂಬೆ ಆದ್ರೂ ಎತ್ತು ಎತ್ತೇ ಕಣ್ಲಾ. ಸ್ವಾಮಾರ ಕಟ್ಬಾರ್ದು."

"ಅಂಗಾರೆ ಶಿವರಾತ್ರಿ ದಿನ ನಿನ್ ಕುಲುಮೆಗೂ ಉಪಾಸ್ವಾ?"

ಶಾಂಭವಿ ಆ ಮನೆಯಲ್ಲೇ ಬೆಳೆದವಳು. ಯಾರೂ ಹೇಳದೆಯೇ ಭಾನುವಾರ ಸಂಜೆ ತನ್ನ ಗೋದಾಮಿನ ತುಂಬ ಕಬ್ಬಿಣ ತುಂಬಿಸಿಟ್ಟುಕೊಳ್ಳುತ್ತಿದ್ದಳು. ಸೋಮವಾರ ಬೆಳಗಿನ ಜಾವ ಚಕ್ರಗಳ ಕೆಲಸ ಹಚ್ಚಿ ಕೂಲಿಗೆ ಹೋದರೆ ಸಂಜೆಯವರೆಗೆ ಆಟ ತೆರೆಯುತ್ತಿರಲಿಲ್ಲ.

ಈ ಸಲ ಬಂದದ್ದು ದೊಡ್ಡ ಆರ್ಡರು. ಸೋಮವಾರ ಸಂಜೆ ಐದಕ್ಕೆ ನಲವತ್ತು ಚಕ್ರ ಸ್ಟೇಷನ್ನಿನಲ್ಲಿರಬೇಕು. ತಪ್ಪಿದರೆ ಜೊತೆ ಮುರಿದು, ಯಾರೋ ಗುರುತಿಲ್ಲದವರನ್ನು ಆಟವೇ ತಂದು ಸೇರಿಸುತ್ತದೆ. ಹಳಬರು ಮತ್ತೆ ಸೇರಬೇಕಾದರೆ ಒಬ್ಬರು ಬಾ ಎಂದು ಕರೆಯಬೇಕು, ಇನ್ನೊಬ್ಬರು ಒಪ್ಪಬೇಕು.

ನಡುವೆ ಎರಡು ದಿನ ಟವರು ಕೆಟ್ಟಿತ್ತು. ಸೋಮವಾರ ಬೆಳಗ್ಗೆ ಗುರುಸ್ವಾಮಿ ನೋಡಿದಾಗ ಸ್ಟೇಷನ್ನಿನಲ್ಲಿ ಮೂವತ್ತೊಂದೇ ಚಕ್ರ. ಮಗಳ ಊರಿನೊಳಗೆ ಏನಿದೆ, ಏನು ತಯಾರಾಗುತ್ತಿದೆ ಎಂಬುದು ಅವನ ಫೋನಿನಲ್ಲಿ ಕಾಣುವುದಿಲ್ಲ, ಗೋದಾಮಿನ ಮುಂದಿನ ದಾರಿ ಮಾತ್ರ ಕಾಣುತ್ತದೆ. ಕಬ್ಬಿಣ ಸಾಲದೆ ಒದ್ದಾಡುತ್ತಿರಬೇಕು ಎಂದುಕೊಂಡ. ಸ್ನಾನ ಮಾಡಿದ, ವಿಭೂತಿ ಇಟ್ಟುಕೊಂಡ, ದೇವರ ಮುಂದೆ ತಪ್ಪಾಯಿತು ಎಂದು ಕೈಮುಗಿದ. ಆಮೇಲೆ ಇದ್ದ ಹನ್ನೆರಡು ಗಾಡಿಯನ್ನೂ ಕಟ್ಟಿಸಿ ಕಳಿಸಿದ.

ನಾಲ್ಕು ಗಂಟೆಗೆ ಫೋನು ತೆರೆದರೆ ಗಾಡಿಗಳೆಲ್ಲ ಮಗಳ ತುಂಬಿದ ಗೋದಾಮಿನ ಮುಂದೆ ಕಬ್ಬಿಣ ಇಳಿಸಲಾಗದೆ ಸಾಲಾಗಿ ನಿಂತಿದ್ದವು. ಅವುಗಳ ಆಚೆ, ಅದೇ ದಾರಿಯಲ್ಲಿ, ಒಂಬತ್ತು ಚಕ್ರ ಹೊತ್ತ ಅವಳ ಗಾಡಿ ಹೊರಬರಲಾಗದೆ ನಿಂತಿತ್ತು. ಅವಳು ಎಲ್ಲ ಮಾಡಿಟ್ಟೇ ಹೋಗಿದ್ದಳು.

ಮದುವೆಯೊಂದಕ್ಕೆ ಸತ್ಯಮಂಗಲಕ್ಕೆ ಹೋಗಿದ್ದ ದಯಾನಂದನಿಗೆ ಫೋನು ಮಾಡಿದ.

"ತುಂಬಿದ್ ಗಾಡಿ ವಾಪಸ್ ಬರಾಕಿಲ್ಲ ಅಪ್ಪೋ. ಗೋದಾಮು ಖಾಲಿ ಮಾಡಾದು ಅಕ್ಕನ್ ಕೈಲೇ ಇರಾದು. ಅವ್ಳಿಗೆ ಫೋನ್ ಮಾಡು."

ಹಸಿರು ಚುಕ್ಕೆ ಇರಲಿಲ್ಲ. ಹೆಂಡತಿ ಶಿವನಂಜಮ್ಮ ಒಳಗಿಂದ ಬಂದಳು. "ಯಾಕೆ, ಮಕ ಇಂಗ್ ಮಾಡ್ಕಂಡಿದ್ದೀರಿ?"

"ಗಾಡಿ ಸಿಕ್ಕಾಕ್ಕಂಡವೆ."

"ಸ್ವಾಮಾರದ ದಿನ ಯಾರು ಕಟ್ಟು ಅಂದ್ರು ನಿಮ್ಗೆ?"

ಅವಳು ತನ್ನ ಫೋನಿನಿಂದ ಮಗಳಿಗೆ ಮಾಡಿದಳು. ಒಂದು ಹೆಣ್ಣು ದನಿ ತಮಿಳಿನಲ್ಲಿ, ನೀವು ಕರೆದವರು ಈಗ ಸಿಗುವುದಿಲ್ಲ ಎಂದಿತು. ಮತ್ತೆ ಮಾಡಿದಳು. ಅದೇ ದನಿ.

"ಕಾಡಂಚಿನ್ ಒಲ್ದಲ್ಲಿ ಬೆಳ್ಳುಳ್ಳಿ ಕೀಳಾಕೆ ಓಗಿರ್ಬೇಕು. ಅಲ್ಲಿ ಸಿಗ್ನಲ್ ಇಲ್ಲ." ಶಿವನಂಜಮ್ಮ ಗಂಡನ ಮುಖ ನೋಡಿದಳು. "ಮನೋಹರನ್ ನಂಬರ್ ಅದೆ. ಮಾಡ್ಲಾ?"

ಗುರುಸ್ವಾಮಿ ಗಡಿಯಾರ ನೋಡಿದ. ನಾಲ್ಕೂ ಇಪ್ಪತ್ತು. ಗಾಡಿ ಕಟ್ಟುವ ರೂಢಿ ಇಲ್ಲದ ದಿನ ಅಪ್ಪ ಬೇಕೆಂದೇ ಗಾಡಿ ತಂದು ತನ್ನ ದಾರಿಗೆ ಅಡ್ಡ ನಿಲ್ಲಿಸಿದ ಎಂದಲ್ಲದೆ ಮಗಳು ಇನ್ನೇನು ತಿಳಿದುಕೊಂಡಾಳು? ನಾಲ್ಕೂವರೆಗೆ, "ಊಂ," ಎಂದ.

ಮನೋಹರ ಗಾಬರಿಯಿಂದ ಎತ್ತಿದ. "ಏಳಿ ಅತ್ತೆ, ಏನಾಯ್ತು? ಮಾವುಂಗೆ ಉಸಾರಿಲ್ವಾ?"

ಶಿವನಂಜಮ್ಮ ಫೋನನ್ನು ಗಂಡನ ಕೈಗೆ ಕೊಟ್ಟು ಪಕ್ಕದಲ್ಲಿ ನಿಂತಳು. ಗುರುಸ್ವಾಮಿ ಎರಡು ಸಲ ಕೆಮ್ಮಿದ.

"ನಾನು ಕಣಪ್ಪಾ."

ಆ ಕಡೆ ಲಾರಿಗಳ ಸದ್ದು ಹಿಂದಕ್ಕೆ ಸರಿಯಿತು. "ಏಳಿ ಮಾವ," ಎಂದ ಮನೋಹರ.

"ಗಾಡಿ ಸಿಕ್ಕಾಕ್ಕಂಡವೆ. ದಾರಿ ಕಟ್ಕಂಡದೆ. ಅವ್ಳು ಒಸಿ ನೋಡ್ಬೇಕಾಗಿತ್ತು."

"ಯಾವ ಗಾಡಿ ಮಾವ? ಯಾರ್ಗಾರ ಪೆಟ್ಟಾಯ್ತಾ? ನಾನು ಕೋಸು ತಂದು ಚಾಮರಾಜನಗರದ ಮಂಡೀಲಿ ಇವ್ನಿ. ಈಗ ಒಂಟ್ರೂ ಒಂದ್ ಗಂಟೆ ಆಯ್ತದೆ."

"ಪೆಟ್ಟೇನಿಲ್ಲ. ಬುಡು."

"ಬುಡು ಅಂದ್ರೆ ಎಂಗೆ ಮಾವ? ಇಷ್ಟ್ ದಿವ್ಸುಕ್ಕೆ ಫೋನ್ ಮಾಡೀರಿ. ಓದ್ ತಕ್ಷಣ ಅವ್ಳಿಗೆ ಏಳ್ತೀನಿ. ಏನಂತ ಏಳ್ಲಿ?"

ಗುರುಸ್ವಾಮಿ ಬಾಯಿ ತೆರೆದ. ಗಾಡಿ, ಗೋದಾಮು, ಕಬ್ಬಿಣ ಇವನ್ನೆಲ್ಲ ಆ ಹುಡುಗನಿಗೆ ಎಲ್ಲಿಂದ ಹಿಡಿದು ಹೇಳುವುದು? ಹೇಳಿದರೂ ಅದು ಹೇಳಬೇಕಾದ ಮಾತಾಗಿರಲಿಲ್ಲ. ಹೇಳಬೇಕಾದದ್ದಕ್ಕೆ ಮೂರು ವರ್ಷದಲ್ಲಿ ಒಂದು ಪದವನ್ನೂ ಅವನು ಜೋಡಿಸಿಟ್ಟಿರಲಿಲ್ಲ.

"ಮಾವ? ಲೈನಲ್ಲಿ ಇದ್ದೀರಾ?"

"ಇವ್ನಿ," ಎಂದ. ತೊಡೆಯ ಮೇಲಿದ್ದ ಇನ್ನೊಂದು ಫೋನಿನಲ್ಲಿ ನಿಮಿಷಗಳು ಇಳಿಯುತ್ತಿದ್ದವು. ಹನ್ನೆರಡು ಜೊತೆ ಎತ್ತು ಬಾಲ ಬೀಸುತ್ತ ನಿಂತೇ ಇದ್ದವು.