ಎಡ ಹೆಗಲ ಹಿಂದೆ

ನನ್ನ ತಮ್ಮ ಶಾಸಕನಾಗಿದ್ದು ನನ್ನ ಬಾಯಿಂದ. ಇದನ್ನು ಕೇಳಿ ಜಂಬದವಳು ಅನ್ನುವವರು ಅನ್ನಲಿ. ಅದೊಂದು ಜಂಬ ಬಿಟ್ಟರೆ ನನಗೆ ದಕ್ಕಿದ್ದಾದರೂ ಏನು?

ಅವನಿಗೆ ಮುಖಗಳು ನೆನಪಿರುವುದಿಲ್ಲ. ನಿನ್ನೆ ಊಟಕ್ಕೆ ಕರೆದವರನ್ನೇ ಇವತ್ತು "ಯಾವ ಕಡೆಯವ್ರು?" ಎಂದು ಕೇಳುವ ಪೈಕಿ. ನಾನೋ ದೊಡ್ಡಾಸ್ಪತ್ರೆಯ ಚೀಟಿ ಕೌಂಟರಿನಲ್ಲಿ ಗಾಜಿನ ಹಿಂದೆ ಕೂತು ಊರಿನ ಅರ್ಧ ಜನಕ್ಕೆ ಚೀಟಿ ಬರೆದುಕೊಟ್ಟವಳು. ಯಾರಿಗೆ ಮಂಡಿನೋವು, ಯಾರ ಮಗಳಿಗೆ ಹೆರಿಗೆ ಕಷ್ಟವಾಯಿತು, ಎಲ್ಲ ನಾಲಿಗೆಯ ತುದಿಯಲ್ಲಿ. ಹಾಗಾಗಿ ಮೊದಲ ಎಲೆಕ್ಷನ್ನಿನಲ್ಲೇ ಒಂದು ಏರ್ಪಾಟು ಮಾಡಿಕೊಂಡೆವು. ಮುಂದೆ ಅವನು, ಅವನ ಎಡ ಹೆಗಲ ಹಿಂದೆ ನಾನು. ಯಾರಾದರೂ ಹತ್ತಿರ ಬಂದರೆ ಸಣ್ಣಗೆ ಪಿಸುಗುಡುತ್ತಿದ್ದೆ.

"ಬೀಗ ರಿಪೇರಿಯವ್ರು. ಹೆಂಡ್ತಿಗೆ ಮಂಡಿ ಆಪರೇಷನ್ ಆಗಿದೆ."

"ಏನ್ ಯಜಮಾನ್ರೇ, ಅಮ್ಮಾವ್ರು ಓಡಾಡೋ ಹಾಗಾದ್ರಾ?" ಎನ್ನುತ್ತಿದ್ದ ತಮ್ಮ. ಬೀಗದವರ ಕಣ್ಣಲ್ಲಿ ನೀರು. ಆ ಮನೆಯ ವೋಟೆಲ್ಲ ನಮಗೆ.

ಮೊದಲ ಸಲ ಕೂದಲೆಳೆಯಲ್ಲಿ ಗೆದ್ದ, ಎರಡನೇ ಸಲ ಆರಾಮಾಗಿ ಗೆದ್ದ. ಮೂರನೇ ಸಲ ನನಗೆ ಜ್ವರ ಬಂದು ಮನೆಯಲ್ಲಿ ಬಿದ್ದುಕೊಂಡಿದ್ದೆ. ಇವನು ಗಂಡ ಸತ್ತು ತಿಂಗಳಾಗದ ಹೆಂಗಸಿನ ಮುಂದೆ ಹಲ್ಲು ಕಿರಿದು, "ಯಜಮಾನ್ರು ಹೇಗಿದ್ದಾರೆ?" ಎಂದು ಕೇಳಿ, ಆ ಎಲೆಕ್ಷನ್ನಿನಲ್ಲಿ ಮಕಾಡೆ ಮಲಗಿದ. ನಾಲ್ಕನೇ ಸಲ ನಾನು ಮತ್ತೆ ಹಿಂದೆ ನಿಂತೆ, ಅವನು ಮತ್ತೆ ಗೆದ್ದ. ಪತ್ರಿಕೆಯವರು 'ಶಾಸಕರ ಅಪಾರ ಜ್ಞಾಪಕಶಕ್ತಿ' ಎಂದು ಬರೆದರು. ಆ ಹಾಳೆಯನ್ನು ಅಡುಗೆಮನೆಯ ಶೆಲ್ಫಿಗೆ ಹಾಸಿ ಮೇಲೆ ಎಣ್ಣೆ ಡಬ್ಬಿ ಇಟ್ಟೆ.

ಈ ಸಲ ಅವನಿಗೆ ಹೃದಯದ ಆಪರೇಷನ್ ಆಯಿತು, ಪ್ರಚಾರದ ಮಾತೇ ಎತ್ತಬೇಡಿ ಎಂದರು ಡಾಕ್ಟರು. ಪಕ್ಷದ ಅಧ್ಯಕ್ಷರು ಮನೆಗೆ ಬಂದು, "ಮನೆಯವ್ರನ್ನೇ ಯಾರನ್ನಾದ್ರೂ ನಿಲ್ಸಿ" ಎಂದರು. ಮನೆಯವರು ಅಂದರೆ ನಾನಲ್ಲದೆ ಇನ್ಯಾರು? ಹಿಂದಿನ ದಿನವೇ ಸ್ಟುಡಿಯೋಗೆ ಹೋಗಿ ಪೋಸ್ಟರಿಗೆಂದು ಫೋಟೋ ತೆಗೆಸಿಕೊಂಡಿದ್ದೆ. ನಗಬೇಕೋ ಬೇಡವೋ ಗೊತ್ತಾಗದೆ ಎರಡೂ ಥರ ತೆಗೆಸಿದ್ದೆ.

ತಮ್ಮ ಟೀ ಕಪ್ಪು ಕೆಳಗಿಟ್ಟು, "ನನ್ನ ಹೆಂಡ್ತಿ ನಿಲ್ತಾಳೆ" ಎಂದ. ಆಮೇಲೆ ನನ್ನ ಕಡೆ ಕೈ ತೋರಿಸಿ, "ಹಿಂದೆ ಹೇಗೂ ಅಕ್ಕ ಇರ್ತಾಳಲ್ಲ" ಎಂದ.

ತಮ್ಮನ ಹೆಂಡತಿ ಮಕ್ಕಳಿಗೆ ಈಜು ಕಲಿಸುವವಳು, ಪಕ್ಕದ ಮನೆಯವರ ಹೆಸರೂ ನೆಟ್ಟಗೆ ಗೊತ್ತಿಲ್ಲ. ವಾರ ಕಳೆಯುವುದರೊಳಗೆ ಊರಿನ ಗೋಡೆ ಗೋಡೆಯ ಮೇಲೂ ಅವಳದೇ ಮುಖ. ಬಸ್ ಸ್ಟ್ಯಾಂಡಿನಲ್ಲಂತೂ ಅವಳ ಮೂಗೇ ನನ್ನ ತಲೆಗಿಂತ ದೊಡ್ಡದಿತ್ತು. ನನಗಾಗಿದ್ದು ಹೊಟ್ಟೆಕಿಚ್ಚು. ಬೇಜಾರು, ಸಂಕಟ ಎಂದೆಲ್ಲ ಬೇರೆ ಹೆಸರಿಟ್ಟು ಏನು ಪ್ರಯೋಜನ?

ಪ್ರಚಾರದ ಮೊದಲ ದಿನ ಬೆಳಗ್ಗೆ ಗಟ್ಟಿ ಮನಸ್ಸು ಮಾಡಿಕೊಂಡು ಹೊರಟೆ. ಹಿಂದೆ ನಿಲ್ಲುತ್ತೇನೆ, ಆದರೆ ತುಟಿ ಬಿಚ್ಚುವುದಿಲ್ಲ. ಗಂಡ ಸೋತ ಹಾಗೆ ಇವಳೂ ಸೋಲಲಿ. ಆಗ ಗೊತ್ತಾಗುತ್ತದೆ, ಗೆಲ್ಲುತ್ತಿದ್ದವರು ಯಾರು ಎಂದು.

ಮೊದಲು ಸಿಕ್ಕಿದ್ದು ಗುಂಡಿ, ದಾರ ಮಾರುವ ಪುಟ್ಟ ಅಂಗಡಿಯ ಅಜ್ಜಿ. ಅವರ ಕಿರಿಮಗಳಿಗೆ ಅವಳಿ ಹುಟ್ಟಿ ಒಂದು ಮಗು ಉಳಿಯಲಿಲ್ಲ. ಆ ಚೀಟಿ ಬರೆದವಳೇ ನಾನು. ತಮ್ಮನ ಹೆಂಡತಿ ಅರ್ಧ ತಲೆ ತಿರುಗಿಸಿ ಕಾದಳು. ನಾನು ಚರಂಡಿ ನೋಡುತ್ತಾ ನಿಂತೆ.

"ಅಜ್ಜಿ, ನೀವ್ಯಾರು ಅಂತ ನಂಗೊತ್ತಿಲ್ಲ. ನೀವೇ ಹೇಳ್ತೀರಾ?" ಎಂದು ಅವಳು ಅಂಗಡಿಯ ಮೆಟ್ಟಿಲ ಮೇಲೆ ಕೂತೇಬಿಟ್ಟಳು.

ಮುಗಿಯಿತು ಇವಳ ಕಥೆ ಅಂದುಕೊಂಡೆ. ಅಜ್ಜಿ ಒಂದು ಕ್ಷಣ ಮಿಕಮಿಕ ನೋಡಿ ಮಾತು ಶುರುವಿಟ್ಟುಕೊಂಡರು. ತಮ್ಮನ ಹೆಂಡತಿ ಒಮ್ಮೆ ಎದ್ದು ಅಜ್ಜಿಯ ಇನ್ನೊಂದು ಪಕ್ಕಕ್ಕೆ ಹೋಗಿ ಕೂತಳು. ಮಾತು ನಿಲ್ಲಲೇ ಇಲ್ಲ. ಮಗಳ ಹೆರಿಗೆ, ಹೋದ ಮಗು, ಉಳಿದ ಮಗುವಿನ ತುಂಟಾಟ. ನಾನು ಒಂದು ಸಾಲಿನಲ್ಲಿ ಪಿಸುಗುಟ್ಟಿ ಮುಗಿಸುತ್ತಿದ್ದುದನ್ನು ಅಜ್ಜಿ ಕಣ್ಣೊರೆಸಿಕೊಳ್ಳುತ್ತಾ, ನಗುತ್ತಾ ಹೇಳಿದರು. ಅಕ್ಕಪಕ್ಕದವರು ತಾವೂ ಹೇಳಬೇಕೆಂದು ಬಂದು ಸುತ್ತ ನಿಂತರು. ಇಷ್ಟು ವರ್ಷ ಇವರನ್ನು ಯಾರೂ ಏನೂ ಕೇಳಿಯೇ ಇರಲಿಲ್ಲ, ನಾವೇ ಎಲ್ಲ ಹೇಳಿಬಿಡುತ್ತಿದ್ದೆವು.

ಆಗ ಅಜ್ಜಿಯ ಕಣ್ಣು ನನ್ನ ಮೇಲೆ ಬಿತ್ತು. "ಅವ್ರು ಯಾರಮ್ಮಾ? ನಿಮ್ಮ ಯಜಮಾನ್ರ ಹಿಂದೆ ಯಾವಾಗ್ಲೂ ನಿಂತಿರ್ತಿದ್ರಲ್ಲ. ಪೊಲೀಸ್ನೋರಾ?"

ಸುತ್ತ ನಿಂತವರು ನಕ್ಕರು. ಅವರಲ್ಲಿ ಬೀಗದವರೂ ಇದ್ದರು. ಒಬ್ಬರಾದರೂ ನನ್ನ ಹೆಸರು ಹೇಳುತ್ತಾರೇನೋ ಎಂದು ಒಬ್ಬೊಬ್ಬರ ಮುಖವನ್ನೂ ನೋಡಿದೆ. ಯಾರಿಗೂ ಗೊತ್ತಿರಲಿಲ್ಲ.

"ಅವ್ರನ್ನೇ ಕೇಳಿ ಅಜ್ಜಿ" ಎಂದು ತಮ್ಮನ ಹೆಂಡತಿ ಎದ್ದು, ನನ್ನನ್ನು ಮುಂದೆ ಬಿಟ್ಟು ತಾನು ಹಿಂದೆ ಸರಿದಳು.

ನಾನು ನನ್ನ ಹೆಸರು ಹೇಳಿದೆ. ಬಾಯಿಂದ ಬಂದದ್ದು ಬರೀ ಪಿಸುಮಾತು.

"ಏನಂದ್ರಿ?" ಎಂದರು ಅಜ್ಜಿ.

ಇನ್ನೊಮ್ಮೆ ಹೇಳಿದೆ. ಅಜ್ಜಿ ತಲೆಯಾಡಿಸಿದರು, ಕೇಳಿಸಲಿಲ್ಲವೆಂದು.

ನನ್ನ ಎಡ ಹೆಗಲ ಹಿಂದಿನಿಂದ ತಮ್ಮನ ಹೆಂಡತಿ ಬಗ್ಗಿ, ನನಗೊಬ್ಬಳಿಗೇ ಕೇಳಿಸುವ ಹಾಗೆ ಹೇಳಿದಳು. "ಅಜ್ಜಿಗೆ ಈ ಕಡೆ ಕಿವಿ ಕೇಳ್ಸಲ್ಲ ಅಕ್ಕ. ಬಲಗಡೆ ಹೋಗಿ ಹೇಳಿ."

ಆ ಮನೆಯ ಹೆರಿಗೆ, ಜ್ವರ, ಸಾವು, ಎಲ್ಲ ನನಗೆ ಗೊತ್ತಿತ್ತು. ಇದೊಂದು ಗೊತ್ತಿರಲಿಲ್ಲ. ಬಲಗಡೆಗೆ ಹೋದೆ.